ಚುಚ್ಚುಹಾಳೆಯ ಮಗು

“ಗುರುಗಳೇ, ಶಾಸ್ತ್ರ ತಪ್ಪೋ, ಜನರ ಮುಖ ತಪ್ಪೋ?”

ಚಿತ್ರಶಾಲೆಯ ಜಗಲಿಯಲ್ಲಿ ಕುಳಿತು ಕುಂಚ ಕಟ್ಟುತ್ತಿದ್ದ ಕಾಳೋಜ ಗುರುಗಳು ತಲೆಯೆತ್ತಿ ನೋಡಿದರು. ಶಿಷ್ಯ ಮಂಚಣ್ಣ ಎದುರಿಗೆ ನಿಂತಿದ್ದ. ಅವನ ಕೈಯಲ್ಲಿ ಗಂಟು ಹಾಕಿದ ಅಳತೆಯ ದಾರವಿತ್ತು.

“ಯಾರ ಮುಖಕ್ಕೆ ಏನಾಯಿತಪ್ಪ?”

“ಎಲ್ಲರ ಮುಖಕ್ಕೂ ಆಗಿದೆ. ಕೂದಲಿನ ಅಂಚಿನಿಂದ ಹುಬ್ಬಿಗೆ ಒಂದು ಪಾಲು, ಹುಬ್ಬಿನಿಂದ ಮೂಗಿನ ತುದಿಗೆ ಒಂದು ಪಾಲು, ಅಲ್ಲಿಂದ ಗದ್ದಕ್ಕೆ ಒಂದು ಪಾಲು. ಮೂರೂ ಸಮವಾಗಿದ್ದರೆ ಅದು ಸುಂದರವಾದ ಮುಖ ಎಂದು ನೀವೇ ಕಲಿಸಿದಿರಿ. ಬೆಳಿಗ್ಗೆಯಿಂದ ಕಂಡವರನ್ನೆಲ್ಲ ಅಳೆದೆ. ಹಾಲಿನವನ ಮೂಗು ಉದ್ದ. ಅಡುಗೆಯ ನಂಜವ್ವನ ಹಣೆ ಗಿಡ್ಡ. ಒಬ್ಬರೂ ಸರಿಹೋಗಲಿಲ್ಲ.”

“ನಂಜವ್ವ ಅಳೆಯಲು ಬಿಟ್ಟಳೇ?”

“ಸೌಟು ಎತ್ತಿದಳು.”

“ಸದ್ಯ, ನನ್ನನ್ನು ಅಳೆಯಲಿಲ್ಲವಲ್ಲ.”

ಮಂಚಣ್ಣ ನೆಲ ನೋಡಿದ. “ಮಧ್ಯಾಹ್ನ ತಾವು ಮಲಗಿದ್ದಾಗ ಅಳೆದೆ. ಗದ್ದದ ಪಾಲು ಸಾಲದು.”

ಗುರುಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕುಂಚವನ್ನು ಪಕ್ಕಕ್ಕಿಟ್ಟು, “ಕುಳಿತುಕೋ, ಒಂದು ಕತೆ ಹೇಳುತ್ತೇನೆ. ಆ ದಾರವನ್ನು ಮೊದಲು ಮಡಿಲಲ್ಲಿ ಕಟ್ಟಿಕೋ, ನಂಜವ್ವ ಇತ್ತಲೇ ನೋಡುತ್ತಿದ್ದಾಳೆ,” ಎಂದು ಹೇಳತೊಡಗಿದರು.

ಒಂದು ಕೋಟೆಯ ಪಟ್ಟಣ. ಅಲ್ಲಿ ಬೊಮ್ಮೋಜ ಎಂಬ ಚಿತ್ರಗಾರನಿದ್ದ. ದೇವರ ಪಟ ಬರೆಯುವುದು ಅವನ ಮನೆತನದ ಕಸುಬು. ಅವನು ದೇವರನ್ನು ಬಿಟ್ಟು ಬೇರೆ ಯಾರನ್ನೂ ಬರೆದವನಲ್ಲ. ಅವನ ಪಟಗಳಲ್ಲಿ ಹುಬ್ಬೆಂದರೆ ಬೇವಿನೆಲೆ, ಕಣ್ಣೆಂದರೆ ಮೀನು, ಮೂಗೆಂದರೆ ಎಳ್ಳಿನ ಹೂ, ತುಟಿಯೆಂದರೆ ತೊಂಡೆಯ ಹಣ್ಣು. ಅವನ ಹೆಂಡತಿ ಮಾಳವ್ವ ಬಾಯಿ ಜೋರಿನ ಹೆಂಗಸು. “ಒಂದು ಮುಖದೊಳಗೆ ಇಡೀ ಸಂತೆ ಇಟ್ಟಿದ್ದೀರಲ್ಲ, ಉಪ್ಪು ಒಂದು ಕಡಿಮೆ,” ಎಂದು ಗಂಡನನ್ನು ಕಾಡುತ್ತಿದ್ದಳು. ಬೊಮ್ಮೋಜ ನಕ್ಕು ಮತ್ತೆ ಕುಂಚ ಅದ್ದುತ್ತಿದ್ದ. ಅವನಿಗೆ ತನ್ನ ಕೈಯ ಮೇಲೆ ನಂಬಿಕೆಯಿತ್ತು. ಅವನ ಪಟ ಇಲ್ಲದ ದೇವರಮನೆ ಆ ಊರಲ್ಲಿ ಇರಲಿಲ್ಲ.

ಅವನ ಕಸುಬಿನಲ್ಲಿ ಒಂದು ಪದ್ಧತಿಯುಂಟು, ನೀನೂ ನೋಡಿದ್ದೀಯ. ಒಂದು ಮುಖವನ್ನು ಅಳತೆ ಹಿಡಿದು ಒಮ್ಮೆ ಸರಿಯಾಗಿ ಬರೆದು, ಅದರ ಗೆರೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿ ಇಟ್ಟುಕೊಳ್ಳುತ್ತಾರೆ. ಹೊಸ ಪಟ ಬೇಕೆಂದಾಗ ಆ ಚುಚ್ಚುಹಾಳೆಯನ್ನು ಬಿಳಿಯ ಹಾಳೆಯ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಾರೆ. ಕೆಳಗೆ ಕಪ್ಪು ಚುಕ್ಕಿಗಳು ಬೀಳುತ್ತವೆ, ಅವನ್ನು ಸೇರಿಸಿದರೆ ಅದೇ ಮುಖ ಮತ್ತೆ ಬರುತ್ತದೆ. ಬೊಮ್ಮೋಜನ ಮುತ್ತಾತ ಚುಚ್ಚಿದ ಬಾಲಕೃಷ್ಣನ ಹಾಳೆಯೊಂದು ಮನೆಯಲ್ಲಿತ್ತು. ಮೂರು ಪಾಲೂ ಕೂದಲೆಳೆಯಷ್ಟು ಆಚೀಚೆ ಇಲ್ಲ. ಬೊಮ್ಮೋಜ ಅದನ್ನು ಪೆಟ್ಟಿಗೆಯಿಂದ ತೆಗೆಯುವಾಗ ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

ಅವನಿಗೆ ಒಬ್ಬಳೇ ಮಗಳು. ಹೆಸರಿಡುವ ದಿನ ತೊಟ್ಟಿಲಲ್ಲಿ ಹೊನ್ನಾದೇವಿ ಎಂದು ಕೂಗಿದರು. ಅದೇ ಮೊದಲು, ಅದೇ ಕೊನೆ. ಆಮೇಲೆ ಎಲ್ಲರಿಗೂ ಅವಳು ಗುಬ್ಬಿ. ಮಾತು ಬಂದಾಗಿನಿಂದ ಬಾಯಿ ಮುಚ್ಚಿದವಳಲ್ಲ. ಅಪ್ಪ ಪಟ ಬರೆಯುವಾಗ ಅವನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತು, ದೇವರಿಗೆ ಯಾಕೆ ಕೆಮ್ಮು ಬರುವುದಿಲ್ಲ, ನವಿಲುಗರಿ ತಲೆಗೆ ಚುಚ್ಚುವುದಿಲ್ಲವೇ ಎಂದು ಕೇಳುತ್ತಿರುವಳು. ಬೊಮ್ಮೋಜ ತಲೆಯೆತ್ತದೆಯೇ ಉತ್ತರ ಕೊಡುತ್ತಿದ್ದ. ಮಗಳೆಂದರೆ ಅವನಿಗೆ ಪ್ರಾಣ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಕೇಳಿದಾಗ ನೀನು ಅವನನ್ನು ಕಲ್ಲೆದೆಯವನು ಎಂದುಕೊಳ್ಳಬಾರದು.

ಒಂದು ಸಂತೆಯ ದಿನ. ಹೊರಗಿನ ಹಳ್ಳಿಗಳ ಜನವೆಲ್ಲ ಕೋಟೆಯೊಳಗೆ ತುಂಬಿದ್ದರು. ಬೆಳಿಗ್ಗೆ ಬೀದಿಗೆ ಕೋಲೆಬಸವ ಬಂತು. ಕೊಂಬಿಗೆ ಗೆಜ್ಜೆ, ಬೆನ್ನಿಗೆ ಬಣ್ಣದ ಜೂಲು, ಕೇಳಿದ್ದಕ್ಕೆಲ್ಲ ತಲೆ ಆಡಿಸುವ ಎತ್ತು. ಗುಬ್ಬಿಗೆ ಇಷ್ಟು ಹೊತ್ತು ತನ್ನ ಮಾತಿಗೆ ಹೂಂಗುಡುವವರು ಯಾರೂ ಸಿಕ್ಕಿರಲಿಲ್ಲ. ಅವಳು ಬಸವನ ಜೊತೆ ಮಾತಾಡುತ್ತ ಮಾತಾಡುತ್ತ ಬೀದಿ ದಾಟಿದಳು, ಕೇರಿ ದಾಟಿದಳು. ಬಸವ ತನ್ನ ದಾರಿ ಹಿಡಿಯಿತು. ಗುಬ್ಬಿ ಸಂತೆಯ ನಡುವೆ ಉಳಿದಳು.

ಊಟದ ಹೊತ್ತಿಗೆ ಮಾಳವ್ವ ಕರೆದಳು. ಉತ್ತರವಿಲ್ಲ. ಆ ಮಗು ಉತ್ತರ ಕೊಡದಿದ್ದರೆ ಅದು ಮನೆಯಲ್ಲಿಲ್ಲ ಎಂದೇ ಅರ್ಥ. “ಅಯ್ಯೋ ಶಿವನೇ, ಇವತ್ತು ಸಂತೆ ಕಣ್ರೀ! ದೀಪ ಹಚ್ಚುವ ಹೊತ್ತಿಗೆ ಹಳ್ಳಿಯವರೆಲ್ಲ ಹೊರಟುಹೋಗುತ್ತಾರೆ, ಕೋಟೆಯ ಬಾಗಿಲು ಮುಚ್ಚುತ್ತಾರೆ. ಯಾರ ಗಾಡಿಯಲ್ಲಿ ಯಾವ ದಿಕ್ಕಿಗೆ ಹೋಗುತ್ತಾಳೋ! ಆಮೇಲೆ ಎಲ್ಲಿ ಅಂತ ಹುಡುಕೋಣ?” ಎಂದು ಕೂಗುತ್ತ ಮಾಳವ್ವ ಬೀದಿಗೆ ಓಡಿದಳು. ಬಾವಿಗಳಲ್ಲಿ ಇಣುಕಿದಳು, ಮನೆಮನೆಯ ಹಿತ್ತಿಲು ನೋಡಿದಳು.

ಬೊಮ್ಮೋಜ ತಳವಾರನ ಬಳಿ ಓಡಿದ. ಊರಿನ ಕಾವಲು ನೋಡುವ ತಳವಾರ ಒಳ್ಳೆಯವನು. ಅವನೂ ಮಕ್ಕಳೊಂದಿಗ. “ಡಂಗುರ ಹೊಡೆಸುತ್ತೇನೆ, ಹೆಸರು ಹೇಳಿ,” ಎಂದ.

“ಹೊನ್ನಾದೇವಿ.”

“ನೋಡಲು ಹೇಗಿದ್ದಾಳೆ?”

ಬೊಮ್ಮೋಜ ಬಾಯಿ ತೆರೆದ. ಮಾತು ಬರಲಿಲ್ಲ. ಗಾಬರಿಯಿಂದ ನಾಲಿಗೆ ಒಣಗಿದೆಯೆಂದುಕೊಂಡ ತಳವಾರ, “ನಿಮ್ಮಂಥ ಕೈಯವರು ಬಾಯಲ್ಲಿ ಯಾಕೆ ಹೇಳಬೇಕು? ಚಿತ್ರ ಬರೆದುಕೊಡಿ. ನಾಲ್ಕು ಬಾಗಿಲಿಗೂ ಒಂದೊಂದು ಕಟ್ಟಿಸುತ್ತೇನೆ. ಹೊರಗೆ ಹೋಗುವ ಮಗುವನ್ನೆಲ್ಲ ಕಾವಲುಗಾರರು ಚಿತ್ರಕ್ಕೆ ಹೋಲಿಸಿ ನೋಡಿಯೇ ಬಿಡಲಿ,” ಎಂದ.

ಒಳ್ಳೆಯ ಉಪಾಯವೇ. ಬೊಮ್ಮೋಜ ಮನೆಗೆ ಓಡಿಬಂದ. ಒಂದಲ್ಲ, ನಾಲ್ಕು ಚಿತ್ರ ಬೇಕು, ಅದೂ ಬೇಗ ಬೇಕು. ಭಯವಾದಾಗ ಬುದ್ಧಿ ಕೈಕೊಡುತ್ತದೆ, ಕೈ ಮಾತ್ರ ತಾನು ಕಲಿತದ್ದನ್ನು ಮಾಡುತ್ತದೆ. ಅವನ ಕೈ ನೇರವಾಗಿ ಪೆಟ್ಟಿಗೆಗೆ ಹೋಗಿ ಬಾಲಕೃಷ್ಣನ ಚುಚ್ಚುಹಾಳೆಯನ್ನು ತೆಗೆಯಿತು. ಇದ್ದಿಲ ಪುಡಿ ತಟ್ಟಿದ, ಚುಕ್ಕಿ ಸೇರಿಸಿದ. ನವಿಲುಗರಿಯ ಜಾಗದಲ್ಲಿ ಎರಡು ಜಡೆ ಹಾಕಿದ, ಪಂಚೆಯ ಜಾಗದಲ್ಲಿ ಕೆಂಪು ಲಂಗ ಬರೆದ. ಮೈಬಣ್ಣ ನೀಲಿ ಹಾಕಲಿಲ್ಲ. ಅಷ್ಟರಮಟ್ಟಿಗೆ ಬುದ್ಧಿಯಿತ್ತು.

ನಗಬೇಡ ಮಂಚಣ್ಣ, ನೀನಾಗಿದ್ದರೆ ನೀಲಿಯನ್ನೂ ಹಾಕಿರುತ್ತಿದ್ದೆ.

ನಾಲ್ಕು ಚಿತ್ರಗಳೂ ಬಾಗಿಲಿಗೆ ಹೋದವು. ಡಂಗುರ ಬಿತ್ತು. “ಹೊನ್ನಾದೇವಿ ಎಂಬ ಮಗು ಕಾಣೆಯಾಗಿದೆ! ಚಿತ್ರ ನೋಡಿ, ಗುರುತು ಹಿಡಿಯಿರಿ!” ಜನ ಗುಂಪುಗುಂಪಾಗಿ ಬಂದು ನೋಡಿದರು. ನೋಡಿದವರು ಏನು ಮಾಡಿದರು ಎನ್ನುತ್ತೀಯ? ಕೈಮುಗಿದರು. ಆ ಮುಖವನ್ನು ಹುಟ್ಟಿದಂದಿನಿಂದ ದೇವರಮನೆಯಲ್ಲಿ ನೋಡಿ ಗೊತ್ತಲ್ಲ! ಒಬ್ಬಾಕೆ ತಲೆಯಿಂದ ಹೂ ತೆಗೆದು ಏರಿಸಿದಳು. ಸಂತೆಗೆ ಬಂದವನೊಬ್ಬ ವ್ಯಾಪಾರ ಚೆನ್ನಾಗಿ ಆಗಲೆಂದು ತೆಂಗಿನಕಾಯಿ ಒಡೆದ. ದಕ್ಷಿಣದ ಬಾಗಿಲ ಕಾವಲುಗಾರನಿಗೆ ಕಾಯಿಯ ಹೋಳು ಹಂಚುವುದೇ ಕೆಲಸವಾಯಿತು.

ಇತ್ತ ಬೊಮ್ಮೋಜನ ಮನೆಯ ಮುಂದೆ ಬೇರೆ ಗಲಾಟೆ. ಒಬ್ಬ ತಾಯಿ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ಬಂದ ಹಾಗೇ ಬೈಗುಳ ಶುರುಮಾಡಿದಳು. “ನನ್ನ ಮಗ ಇಲ್ಲೇ ಕಲ್ಲುಗುಂಡಿನ ಹಾಗಿದ್ದಾನೆ! ಅವನ ಮುಖಕ್ಕೆ ಜಡೆ ಹಾಕಿ ಬರೆದು ಕಳೆದುಹೋದ ಅಂತ ಸಾರಿಸುತ್ತೀಯಲ್ಲ, ನಿನ್ನ ಕೈ ಸೇದಿಹೋಗ!”

ಬೊಮ್ಮೋಜ ಆ ಹುಡುಗನನ್ನು ನೋಡಿದ. ಮೂಗಿನಿಂದ ಎರಡು ಧಾರೆ ಇಳಿಯುತ್ತಿತ್ತು. ಒಂದು ಕಣ್ಣು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಅವಳ ಹಿಂದೆ ಇನ್ನೊಬ್ಬಳು ತಾಯಿ, ಅವಳ ಹಿಂದೆ ಮತ್ತೊಬ್ಬಳು. ಎಲ್ಲರಿಗೂ ಆ ಚಿತ್ರದಲ್ಲಿ ಕಂಡದ್ದು ತಮ್ಮದೇ ಕೂಸು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳುತ್ತಾರೆಯೇ? ಊರಿನ ಮಕ್ಕಳೆಲ್ಲ ಆ ಚಿತ್ರದಲ್ಲಿದ್ದರು, ಕಳೆದುಹೋದ ಮಗುವೊಂದನ್ನು ಬಿಟ್ಟು.

ಹಾಗಾದರೆ ಗುಬ್ಬಿ ಎಲ್ಲಿದ್ದಳು? ಪಶ್ಚಿಮದ ಬಾಗಿಲ ಹತ್ತಿರ, ಪುರಿ ಮಾರುವ ಒಬ್ಬ ಅಜ್ಜಿಯ ಮಂಕರಿಯ ಪಕ್ಕದಲ್ಲಿ ಕುಳಿತು ಪುರಿ ತಿನ್ನುತ್ತಿದ್ದಳು. ಅಜ್ಜಿ ಹೊರಗಿನ ಹಳ್ಳಿಯವಳು. ಅಳುಮುಖ ಮಾಡಿಕೊಂಡು ನಿಂತಿದ್ದ ಮಗುವನ್ನು ಕರೆದು ಕೂರಿಸಿಕೊಂಡಿದ್ದಳು.

“ನಿನ್ನ ಹೆಸರೇನು ತಾಯಿ?”

“ಗುಬ್ಬಿ.”

“ಯಾರ ಮಗಳು ನೀನು?”

“ಅಪ್ಪನ ಮಗಳು.”

“ಅಪ್ಪ ಹೇಗಿದ್ದಾನೆ?”

“ಅಪ್ಪನ ಕೈತುಂಬ ಬಣ್ಣ.”

ಅಜ್ಜಿ ಅವಳನ್ನು ಬಟ್ಟೆಗೆ ಬಣ್ಣ ಹಾಕುವವರ ಕೇರಿಗೆ ಕರೆದೊಯ್ದಳು. ಅಲ್ಲಿ ಎಲ್ಲರ ಕೈಯೂ ಬಣ್ಣವೇ, ಆದರೆ ಮಗು ತಮ್ಮದೆಂದವರು ಒಬ್ಬರೂ ಇಲ್ಲ. ತಿರುಗಿ ಬರುವಾಗ ಬಾಗಿಲಲ್ಲಿ ಕಟ್ಟಿದ್ದ ಚಿತ್ರ ಕಂಡಿತು, ಡಂಗುರವೂ ಕೇಳಿತು. ಅಜ್ಜಿ ಮಗುವನ್ನು ಚಿತ್ರದ ಪಕ್ಕದಲ್ಲಿ ನಿಲ್ಲಿಸಿದಳು. ಚಿತ್ರ ನೋಡಿದಳು, ಮಗುವನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಪಾಪ, ಅವಳು ಮಾಡಬೇಕಾದದ್ದನ್ನೆಲ್ಲ ಮಾಡಿದಳು ಕಣಯ್ಯ. “ಇದು ಯಾವುದೋ ಪುಣ್ಯವಂತರ ಮಗು. ಹೆಸರೂ ಬೇರೆ, ಮುಖವೂ ಬೇರೆ. ನೀನಲ್ಲ ಮಗಾ,” ಎಂದಳು. ಕಾವಲುಗಾರನೂ ಬಗ್ಗಿ ನೋಡಿ, “ಎಲ್ಲಿಯ ಮಾತು ಬಿಡಜ್ಜಿ,” ಎಂದ.

ಗುಬ್ಬಿ ಮಾತ್ರ ಚಿತ್ರವನ್ನೇ ನೋಡುತ್ತ ನಿಂತಳು. “ಎಷ್ಟು ಚೆಂದ ಇದೆ ಈ ಮಗು! ಕಳೆದುಹೋಗಿದೆಯಾ?”

“ಹೂಂ ಮಗಾ.”

“ಪಾಪ, ಅದರ ಅಮ್ಮ ಅಳುತ್ತಿರುತ್ತಾಳೆ.” ಕೈಯಲ್ಲಿದ್ದ ಪುರಿಯಲ್ಲಿ ಅರ್ಧವನ್ನು ಚಿತ್ರದ ಕೆಳಗೆ ಇಟ್ಟಳು, ಆ ಮಗು ಬಂದರೆ ತಿನ್ನಲಿ ಎಂದು. ಆಮೇಲೆ ಕಾವಲುಗಾರನನ್ನು ಕೇಳಿದಳು, “ಇದು ಸಿಕ್ಕಿದ ಮೇಲೆ ನಮ್ಮ ಅಮ್ಮನನ್ನೂ ಹುಡುಕಿಕೊಡುತ್ತೀಯಾ?”

“ಆಗಲಿ ಆಗಲಿ, ಮೊದಲು ಇದು ಸಿಗಲಿ,” ಎಂದ ಕಾವಲುಗಾರ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ನಿನಗೆ ಗೊತ್ತಿರಬೇಕು. ಅವತ್ತು ಒಂದು ಊರಿಗೆ ಊರೇ ಹಾಗೆ ಮಾಡಿತು.

ಬಿಸಿಲು ಇಳಿಯಿತು. ಸಂತೆ ಕರಗಿತು. ಅಜ್ಜಿ ಯೋಚಿಸಿದಳು. ಈ ಮಗುವಿಗಾಗಿ ಯಾರೂ ಡಂಗುರ ಹೊಡೆಸಲಿಲ್ಲ, ಯಾರೂ ಕೇಳಿಕೊಂಡು ಬರಲಿಲ್ಲ. ಬೀದಿಯಲ್ಲಿ ಬಿಟ್ಟುಹೋಗಲು ಮನಸ್ಸು ಬರುವುದಿಲ್ಲ. ಮನೆಗೆ ಕರೆದುಕೊಂಡು ಹೋಗೋಣ, ಮುಂದಿನ ಸಂತೆಗೆ ತಂದು ಕೇಳೋಣ, ಯಾರೂ ಇಲ್ಲದಿದ್ದರೆ ನನಗೂ ಯಾರೂ ಇಲ್ಲ, ನನ್ನ ಜೊತೆಗೇ ಇರಲಿ. ಹೀಗೆಂದು ಮಂಕರಿಯನ್ನು ಊರಿನವರ ಗಾಡಿಗೆ ಏರಿಸಿದಳು.

ಅದೇ ಹೊತ್ತಿಗೆ ಮಾಳವ್ವ ಮನೆಗೆ ಬಂದಳು. ಸೆರಗು ಹರಿದಿತ್ತು, ಧ್ವನಿ ಬಿದ್ದುಹೋಗಿತ್ತು. ಬೊಮ್ಮೋಜ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

“ದಕ್ಷಿಣದ ಬಾಗಿಲಿಗೆ ಹೋಗಿದ್ದೆ,” ಎಂದಳು. “ಅಲ್ಲಿ ಜನ ಕೈಮುಗಿಯುತ್ತಿದ್ದರು. ನಾನೂ ಕೈಮುಗಿದೆ ಕಣ್ರೀ! ‘ನನ್ನ ಮಗಳನ್ನು ಉಳಿಸಿಕೊಡಪ್ಪಾ ಕೃಷ್ಣ’ ಅಂತ ಬೇಡಿಕೊಂಡೆ. ಆಮೇಲೆ ಜಡೆ ಕಂಡಿತು. ಇದು ನನ್ನ ಮಗಳ ಚಿತ್ರವಂತೆ! ಹೆತ್ತ ತಾಯಿಗೇ ಗೊತ್ತಾಗದ ಮಗಳನ್ನು ಊರಿನವರು ಹೇಗೆ ಗುರುತು ಹಿಡಿಯಬೇಕು?”

ಬೊಮ್ಮೋಜ ಏನೋ ಹೇಳಹೋದ. “ಮುಖದ ಅಳತೆ…”

“ಅಳತೆಗೆ ಬೆಂಕಿ ಹಾಕ! ಹೊತ್ತು ಮುಳುಗುತ್ತಿದೆ. ಏಳಿ, ಬರೆಯಿರಿ. ನನ್ನ ಗುಬ್ಬಿಯನ್ನು ಬರೆಯಿರಿ.”

ಬೊಮ್ಮೋಜ ಹಾಳೆ ಹರಡಿದ, ಕುಂಚ ಅದ್ದಿದ. ಕುಂಚ ಹಾಳೆಯ ಮೇಲೆ ನಿಂತೇಬಿಟ್ಟಿತು. ತಳವಾರ ಕೇಳಿದಾಗ ನಾಲಿಗೆ ಯಾಕೆ ಕಟ್ಟಿತ್ತೆಂದು ಅವನಿಗೆ ಈಗ ತಿಳಿಯಿತು. ಮಗಳ ಧ್ವನಿ ಗೊತ್ತು, ಬೆನ್ನಿಗೆ ಒರಗಿದ ಅವಳ ಭಾರ ಗೊತ್ತು, ಮುಖ ಗೊತ್ತಿಲ್ಲ. ದಿನವೂ ಕಣ್ಣೆದುರಿಗಿದ್ದ ಮುಖವನ್ನು ಅವನು ಒಮ್ಮೆಯೂ ನೆಟ್ಟನೋಟದಿಂದ ನೋಡಿರಲಿಲ್ಲ. “ಮಾಳೀ, ನನಗೆ ಬರುತ್ತಿಲ್ಲ,” ಎಂದ. ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು.

ಮಾಳವ್ವ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕುಳಿತಳು. “ಹಣೆಯಿಂದ ಶುರುಮಾಡಿ,” ಎಂದಳು.

ಅವನು ಗೆರೆ ಎಳೆದ.

“ಕೂದಲು ಇನ್ನೂ ಮೇಲೆ.”

ಮೇಲೆ ಎಳೆದ.

“ಇನ್ನೂ ಮೇಲೆ.”

“ಇನ್ನೂ ಮೇಲೆ ಹೋದರೆ ತಲೆಯೇ ಮುಗಿದುಹೋಗುತ್ತದೆ ಕಣೇ!”

“ಮುಗಿಯಲಿ. ಅವಳ ಹಣೆ ಇರುವುದೇ ಹಾಗೆ, ಅದರ ಮೇಲೆ ಚೌಕಾಬಾರ ಆಡಬಹುದು. ಮೂಗು ಇಷ್ಟೇ ಇಷ್ಟು, ಸುಂಡೆಕಾಯಿಯಷ್ಟು. ಅಯ್ಯೋ, ಎಳ್ಳಿನ ಹೂ ಬೇಡ ಅಂದೆ! ಒರೆಸಿ ಅದನ್ನು. ಕಣ್ಣು ಒಂದರಿಂದ ಒಂದು ದೂರ. ಬಲಗಿವಿ ಮೊರದ ಹಾಗೆ ಹೊರಗೆ.”

ಬರೆಯುತ್ತ ಬರೆಯುತ್ತ ಅವನ ಕೈ ಮತ್ತೆ ಮತ್ತೆ ಮೂರು ಪಾಲಿನ ಕಡೆಗೇ ಜಾರುತ್ತಿತ್ತು. ನೇಗಿಲಿಗೆ ಕಟ್ಟಿದ ಎತ್ತು ಹಳೆಯ ಸಾಲಿಗೇ ಎಳೆಯುವ ಹಾಗೆ. ಮಾಳವ್ವ ಪ್ರತಿ ಸಲವೂ ಮೊಣಕೈಯಿಂದ ತಿವಿದಳು. ಹಣೆ ದೊಡ್ಡದಾಯಿತು, ಗದ್ದ ಗಿಡ್ಡದಾಯಿತು. ಅಂಥ ಸೊಟ್ಟ ಮುಖವನ್ನು ಬೊಮ್ಮೋಜನ ಮನೆತನದಲ್ಲಿ ಯಾರೂ ಬರೆದಿರಲಿಲ್ಲ.

“ಇನ್ನು ನಗು,” ಎಂದಳು ಮಾಳವ್ವ. “ಅವಳು ನಗುವಾಗ…”

“ತಾಳು. ನಗುವಾಗ ಎಡಗಣ್ಣು ಪೂರ್ತಿ ಮುಚ್ಚುತ್ತದೆ,” ಎಂದ ಬೊಮ್ಮೋಜ.

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಆಮೇಲೆ ಅವನು ಹೆಂಡತಿಯನ್ನು ಏನೂ ಕೇಳಲಿಲ್ಲ. ಮೇಲಿನ ಹಲ್ಲು ಒಂದು ಬಿದ್ದಿದೆ. ಗದ್ದದ ಮೇಲೆ ಬಿದ್ದ ಗಾಯ ಇನ್ನೂ ಒಣಗಿಲ್ಲ. ಕೆನ್ನೆಯಲ್ಲಿ ಯಾವಾಗಲೂ ಅವನದೇ ಬಟ್ಟಲಿನ ಹಳದಿ ಬಣ್ಣ. ಒಂದೊಂದೂ ನೆನಪಾದ ಹಾಗೆ ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ. ಚಿತ್ರ ಮುಗಿದಾಗ ಮಾಳವ್ವ, “ಅಯ್ಯೋ ನನ್ನ ಬಂಗಾರಿ!” ಎಂದು ಹಸಿ ಬಣ್ಣದ ಮೇಲೆಯೇ ಕೈಯಿಡಲು ಹೋದಳು. ಬೊಮ್ಮೋಜ ಹಾಳೆಯನ್ನು ಕಿತ್ತುಕೊಂಡು ಬೀದಿಗೆ ಹಾರಿದ.

ಮಂಡಿ ನೋವೆಂದು ಹಬ್ಬದ ದಿನವೂ ಮನೆ ಬಿಟ್ಟು ಏಳದ ಮನುಷ್ಯ, ಪಂಚೆ ಎತ್ತಿ ಕಟ್ಟಿ ಓಡಿದ. ದಕ್ಷಿಣದ ಬಾಗಿಲಲ್ಲಿ ಚಿತ್ರ ತೋರಿಸಿದ. “ಈ ಮಗುವೇ? ನೋಡಿಲ್ಲ, ನೋಡಿದ್ದರೆ ಮರೆಯುತ್ತಿರಲಿಲ್ಲ,” ಎಂದ ಕಾವಲುಗಾರ. ಬೊಮ್ಮೋಜ ಪಶ್ಚಿಮದ ಬಾಗಿಲಿಗೆ ಓಡಿದ. ಅಲ್ಲಿ ಕಾವಲುಗಾರ ಬಾಗಿಲಿನ ಒಂದು ಹಲಗೆಯನ್ನು ಆಗಲೇ ಮುಚ್ಚಿ, ಇನ್ನೊಂದಕ್ಕೆ ಹೆಗಲು ಕೊಟ್ಟಿದ್ದ. ಬೊಮ್ಮೋಜ ಏದುಸಿರು ಬಿಡುತ್ತ ಎದುರಿಗೆ ನಿಂತ. ಚಿತ್ರವನ್ನು ಅವನ ಮುಖಕ್ಕೆ ಹಿಡಿದ.

ಕಾವಲುಗಾರ ಒಮ್ಮೆ ನೋಡಿದ, ಅಷ್ಟೇ. “ಅರೆ! ಈ ಹಣೆ! ಈ ಕಿವಿ! ಇದು ಪುರಿ ಅಜ್ಜಿಯ ಜೊತೆಗಿದ್ದ ಮಗುವಲ್ಲವೇ! ಈಗ ತಾನೇ ಗಾಡಿಯಲ್ಲಿ ಹೋಯಿತು. ಚಿತ್ರಕ್ಕೆ ಹೋಲಲಿಲ್ಲ ಅಂತ ನಾನೇ ಬಿಟ್ಟೆನಲ್ಲ ಸ್ವಾಮಿ!” ಎಂದು ತಲೆ ಚಚ್ಚಿಕೊಂಡ. ಬಾಗಿಲನ್ನು ಹಾಗೇ ಬಿಟ್ಟು ಅವನೂ ಓಡಿದ. ಮುಂದೆ ಕಾವಲುಗಾರ, ಹಿಂದೆ ಚಿತ್ರಗಾರ, ದಾರಿಯ ಮೇಲೆ ಧೂಳೋ ಧೂಳು.

ಗಾಡಿ ಕೆರೆಯ ಏರಿಯ ತಿರುವಿನಲ್ಲಿ ಸಿಕ್ಕಿತು. ಕವಲುದಾರಿ ಇನ್ನೊಂದು ಕೂಗಿನಷ್ಟು ದೂರವಿತ್ತು. ಅದನ್ನು ದಾಟಿದ್ದರೆ ಯಾವ ಹಳ್ಳಿಗೆಂದು ಹುಡುಕುತ್ತಿದ್ದರೋ ಶಿವನೇ ಬಲ್ಲ. ಗುಬ್ಬಿ ಮಂಕರಿಗೆ ಒರಗಿ ಎತ್ತುಗಳಿಗೆ ಏನೋ ಪಾಠ ಹೇಳುತ್ತಿದ್ದಳು. ಅಪ್ಪನನ್ನು ಕಂಡು ಗಾಡಿಯಿಂದ ಧುಮುಕಿದಳು. ಆಮೇಲೆ ಅವನ ಕೈಯಲ್ಲಿದ್ದ ಹಾಳೆ ಕಂಡಿತು. “ಅಪ್ಪಾ, ಇದು ನಾನು!” ಎಂದು ಕೂಗಿ ನಕ್ಕಳು. ಎಡಗಣ್ಣು ಪೂರ್ತಿ ಮುಚ್ಚಿಹೋಯಿತು.

ಬೊಮ್ಮೋಜ ಏರಿಯ ಮೇಲೆ ಮಂಡಿಯೂರಿ ಕುಳಿತ. ಎರಡೂ ಕೈಯಲ್ಲಿ ಮಗಳ ಮುಖ ಹಿಡಿದು ನೋಡಿದ. ನೋಡಿದ, ನೋಡಿದ, ನೋಡುತ್ತಲೇ ಇದ್ದ. ಪುರಿ ಅಜ್ಜಿ ಕಣ್ಣೊರೆಸಿಕೊಂಡು, “ತಗೊಳ್ಳಪ್ಪ, ನಿನ್ನ ಕೂಸು. ಆದರೆ ಇದೇ ಚಿತ್ರವನ್ನು ಮೊದಲೇ ಕಟ್ಟಬಾರದಿತ್ತಾ? ನನ್ನ ಪುರಿಯಾದರೂ ಉಳಿಯುತ್ತಿತ್ತು,” ಎಂದಳು. ಬೊಮ್ಮೋಜ ಅವಳ ಕಾಲಿಗೆ ಬಿದ್ದ. ಆಮೇಲೆ ಅವಳು ಸಂತೆಯ ದಿನವೆಲ್ಲ ಊಟ ಮಾಡುತ್ತಿದ್ದದ್ದು ಅವರ ಮನೆಯಲ್ಲೇ.

ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೊಮ್ಮೋಜ ಹಿಂತಿರುಗಿದ. ಬಾಗಿಲಲ್ಲಿ ಹಳೆಯ ಚಿತ್ರ ಇನ್ನೂ ಇತ್ತು. ಅದರ ಕೊರಳಲ್ಲಿ ಹೂವಿನ ಹಾರ, ಕೆಳಗೆ ತೆಂಗಿನ ಹೋಳು, ಬಾಳೆಹಣ್ಣು. ಗುಬ್ಬಿ ಅಪ್ಪನ ಕೂದಲು ಹಿಡಿದು ಎಳೆದು ನಿಲ್ಲಿಸಿದಳು. ಅವಳ ನಗು ಹೋಗಿತ್ತು. ನಿಜವಾದ ಚಿಂತೆಯಿಂದ ಕೇಳಿದಳು:

“ಅಪ್ಪಾ, ಆ ಚೆಂದದ ಮಗು ಸಿಕ್ಕಿತಾ?”

ಇಷ್ಟು ಹೇಳಿ ಗುರುಗಳು ಕುಂಚವನ್ನು ಕೈಗೆ ತೆಗೆದುಕೊಂಡರು.

ಅವರು ಕುಂಚಕ್ಕೆ ದಾರ ಸುತ್ತತೊಡಗಿದರು. ಮಂಚಣ್ಣ ತಡೆಯಲಾರದೆ, “ಬೊಮ್ಮೋಜ ಏನು ಹೇಳಿದ ಗುರುಗಳೇ?” ಎಂದ.

“ಅವನಿಗೇನು ಹೇಳಲು ಬರುತ್ತದೆ? ಸುಮ್ಮನೆ ಮಗಳನ್ನು ಹೊತ್ತುಕೊಂಡು ಮನೆಗೆ ಹೋದ. ಮಾಳವ್ವ ಬಾಗಿಲಲ್ಲಿ ಕಾಯುತ್ತಿದ್ದಳಲ್ಲ.”

“ಮತ್ತೆ ಆ ಚುಚ್ಚುಹಾಳೆ? ಹರಿದುಹಾಕಿದನೇ?”

“ಯಾಕೆ ಹರಿಯುತ್ತಾನೆ? ಮಾರನೆಯ ದಿನವೇ ಕಣ್ಣಿಗೊತ್ತಿಕೊಂಡು ಮತ್ತೆ ತೆಗೆದ. ಹಬ್ಬ ಹತ್ತಿರವಿತ್ತು, ಕೃಷ್ಣನನ್ನು ಬರೆಯಬೇಕಿತ್ತು. ಅಳತೆಯನ್ನು ಚೆನ್ನಾಗಿ ಕಲಿ, ತಪ್ಪೇನಿಲ್ಲ.”

“ಹಾಗಾದರೆ ಆ ಮಗುವಿಗೆ ಉತ್ತರ?” ಮಂಚಣ್ಣ ಬಿಡಲಿಲ್ಲ. “ಅಳತೆಗೆ ಸರಿಹೋದ ಆ ಚೆಂದದ ಮಗು ಸಿಕ್ಕಿತೋ ಇಲ್ಲವೋ?”

ಗುರುಗಳು ಶಿಷ್ಯನ ಮುಖವನ್ನು ಒಮ್ಮೆ ಪೂರ್ತಿಯಾಗಿ ನೋಡಿದರು.

“ಪೆಟ್ಟಿಗೆಯಲ್ಲಿರುವ ಆ ಮಗು ಎಂದೂ ಕಳೆದುಹೋಗುವುದಿಲ್ಲ ಮಂಚಣ್ಣ, ಹಾಗಾಗಿ ಅದನ್ನು ಹುಡುಕಿಕೊಂಡು ಯಾರೂ ಓಡಿಬರುವುದೂ ಇಲ್ಲ.”